ವಿದ್ಯಾವತಿ ಅಕ್ಕೋರು ಹಚ್ಚಿದ ಪುರಾಣ

ವಿದ್ಯಾವತಿಯವರು ಯಾವುದನ್ನೂ ಮನಸ್ಸಿನಲ್ಲಿ ಓದಿಕೊಂಡವರಲ್ಲ. ಔಷಧದ ಡಬ್ಬಿಯಲ್ಲಿ ಮಡಚಿಟ್ಟ ಸಣ್ಣಕ್ಷರದ ಚೀಟಿಯಾಗಲಿ, ಬಸ್ ಟಿಕೀಟಿನ ಹಿಂಬದಿಯಾಗಲಿ, ತೊಗರಿಬೀಜದ ಚೀಲದ ಮೇಲೆ ಅಚ್ಚಾದ ಎಚ್ಚರಿಕೆಯಾಗಲಿ, ಕಣ್ಣಿಗೆ ಬಿದ್ದ ಅಕ್ಷರವೆಲ್ಲ ಮೊದಲಿನಿಂದ ಕಡೆಯವರೆಗೆ, ಒಂದು ಸಾಲೂ ತಪ್ಪದೆ, ಗಟ್ಟಿ ದನಿಯಲ್ಲಿ ಅವರ ಬಾಯಿಂದ ಹೊರಡಲೇಬೇಕು. ಸಾಲು ಮುಗಿದೊಡನೆ ಕ್ಷಣಕಾಲ ನಿಲ್ಲುವರು, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಎದುರಿಗೆ ಯಾರಿರಲಿ ಬಿಡಲಿ, "ಅಂದ್ರ ಏನಾತು?" ಎಂದು ಕೇಳುವರು, ಉತ್ತರ ತಮ್ಮಿಂದಾಗಲಿ ಎದುರಿನವರಿಂದಾಗಲಿ ಬಾರದ ಹೊರತು ಮುಂದಿನ ಸಾಲಿಗೆ ಅವರ ಪಯಣವಿಲ್ಲ. ಒಮ್ಮೆ ಇಂಡಿ ಊರಿನಲ್ಲಿ ನಡೆದ ಟೈಪಿಂಗ್ ಪರೀಕ್ಷೆಗೆ ಮೇಲ್ವಿಚಾರಕರಾಗಿ ಹೋದಾಗ ಪ್ರಶ್ನೆಪತ್ರಿಕೆಯ ತಲೆಯ ಮೇಲಿದ್ದ ಸೂಚನೆಗಳನ್ನೆಲ್ಲ ಹೀಗೆಯೇ ಓದಿ, ಹೀಗೆಯೇ ಅರ್ಥ ಬಿಡಿಸತೊಡಗಿದರು. ಗಡಿಯಾರ ಓಡುತ್ತಿತ್ತು, ಹುಡುಗಿಯರ ಬೆರಳುಗಳು ಕೀಲಿಗಳ ಮೇಲೆ ಚಡಪಡಿಸುತ್ತಿದ್ದವು. ಕಡೆಗೆ ಒಬ್ಬಳು ಎದ್ದು ನಿಂತು, "ಅಕ್ಕೋರ, ಅರ್ಥಾ ಆಮ್ಯಾಲ ಹೇಳ್ರಿ, ಮೊದಲ ಟೈಪ್ ಮಾಡಾಕ ಬಿಡ್ರಿ" ಎಂದು ಕೈಮುಗಿದ ಮೇಲೆಯೇ ಮಶಿನ್ನುಗಳು ಸದ್ದು ಮಾಡಿದ್ದು.

ಈ ಚಾಳಿಯ ಬೇರು ಅವರ ತವರಾದ ದೇವಣಗಾಂವದಲ್ಲಿದೆ. ಶ್ರಾವಣ ಬಂತೆಂದರೆ ಅಲ್ಲಿ ಪುರಾಣ ಹಚ್ಚುವುದು ರೂಢಿ. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವುದು. ಅರ್ಥ ಹೇಳುವವರು ವಿದ್ಯಾವತಿಯ ತಂದೆ. ಓದುವವಳು ಲಂಗ ತೊಟ್ಟ ಮಗಳು. ನೆರೆದ ಜನರ ಎದುರಿನಲ್ಲಿ ತಂದೆ ಪ್ರತಿ ಪದ್ಯಕ್ಕೂ "ಅಂದ್ರ ಏನಾತು?" ಎಂದು ತಮ್ಮನ್ನೇ ಕೇಳಿಕೊಳ್ಳುವರು, ಅರ್ಥ ಪೂರ್ತಿಯಾಗುವವರೆಗೆ ಓದುವವಳು ಪುಟದ ಮೇಲೆ ಬೆರಳಿಟ್ಟುಕೊಂಡು ಕಾಯಬೇಕು. ತಂದೆ ತೀರಿಕೊಂಡ ಮೇಲೆ ಮಗಳು ಎರಡೂ ಪಾತ್ರವನ್ನು ತಾನೇ ವಹಿಸಿಕೊಂಡಳು. ಮದುವೆಯ ಮಾತು ಬಂದಾಗ ವರನ ಜಾತಕವನ್ನೂ ಹೀಗೇ ಸಾಲು ಸಾಲಾಗಿ ಓದಿ ಅರ್ಥ ಕೇಳಿದ್ದರಿಂದ ಬಂದವರು ಚಹಾ ಕುಡಿದು ಎದ್ದುಹೋದರೆಂದು ಓಣಿಯ ಹೆಂಗಸರು ಹೇಳುತ್ತಾರೆ. ಅವರ ಮಾತಿನಲ್ಲಿ ಎಷ್ಟು ಖರೆಯೋ ದೇವರೇ ಬಲ್ಲ.

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು, ಬೀಜ-ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಸೀರೆಯ ಮೇಲೆ ಮೊಣಕಾಲುದ್ದದ ನೀಲಿ ಕೋಟೊಂದನ್ನು ತೊಡುವರು. ರಿಬ್ಬನ್ನಿನ ಮಸಿ ಸೀರೆಗೆ ತಾಗದಿರಲೆಂದು ಹೊಲಿಸಿದ್ದು ಅದು, ತೋಳಿನ ತುದಿಗಳು ಕರ್ರಗಾಗಿ ಮೂಲ ಬಣ್ಣ ಯಾವುದೆಂದು ಕೇಳುವ ಸ್ಥಿತಿಗೆ ಬಂದಿದ್ದವು. ನಡಿಗೆ ಸಣ್ಣ ಸಣ್ಣ ಹೆಜ್ಜೆಯ ಓಟ. ಆದರೆ ತಲೆಯಲ್ಲಿ ಏನಾದರೂ ಹೊಳೆಯಿತೆಂದರೆ ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುವರು. ಹಿಂದೆ ಬರುತ್ತಿದ್ದ ಟಂಟಂ ಆಟೋದವರು ಅವರ ಬೆನ್ನಿಗೆ ಹಾರ್ನು ಹೊಡೆದೂ ಹೊಡೆದೂ ಸೋತು, ಪಕ್ಕದಿಂದ ಸಾಗಿಹೋಗುವುದನ್ನು ಕಲಿತಿದ್ದರು. ಎರಡು ಸಾವಿರದ ನಾಲ್ಕರ ಸುಮಾರಿಗೆ ಟೈಪ್‌ರೈಟರುಗಳ ಪಕ್ಕದಲ್ಲಿ ಎರಡು ಕಂಪ್ಯೂಟರು ಬಂದು ಕುಳಿತವು. ಆಗಲೂ ಕೋಟು ಹೋಗಲಿಲ್ಲ. "ಇದಕ್ಕ ಮಸಿ ಎಲ್ಲೈತ್ರಿ ಅಕ್ಕೋರ?" ಎಂದು ಯಾರೋ ನಕ್ಕರೆ, "ಒಳಗ ಏನೈತೋ ಇನ್ನೂ ನೋಡಿಲ್ಲವ್ವ" ಎಂದರು. ಆ ಮಾತು ಚೇಷ್ಟೆಯದಲ್ಲ. ಗುಂಡಿ ಒತ್ತಿದರೆ ಕೆಲಸವಾಗುತ್ತದೆ ಎಂಬಷ್ಟಕ್ಕೆ ಸಮಾಧಾನಗೊಳ್ಳುವ ಜೀವವಲ್ಲ ಅವರದು. ಒತ್ತಿದಾಗ ಒಳಗೆ ಯಾರು ಏನು ಮಾಡಿದರು ಎಂಬ ಕುತೂಹಲ ಊಟದ ಹೊತ್ತಿನಲ್ಲೂ ಅವರನ್ನು ಬಿಡುತ್ತಿರಲಿಲ್ಲ.

ಅದೇ ಸಾಲಿನಲ್ಲಿ ಮೂರು ಅಂಗಡಿ ಆಚೆ ಬಂದಗಿಸಾಬರ ಕ್ಯಾಸೆಟ್ ಅಂಗಡಿ. ತೊಂಬತ್ತರ ದಶಕದಲ್ಲಿ ಆ ಅಂಗಡಿಯ ಮುಂದೆ ಸಂತೆಯ ದಿನ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಂದಗಿಸಾಬರು ರೆಕಾರ್ಡಿಂಗ್ ಡೆಕ್ಕನ್ನು ಚಾದರದಲ್ಲಿ ಸುತ್ತಿ ಎದೆಗವಚಿಕೊಂಡು, ಮುದ್ದೇಬಿಹಾಳದ ಬಸ್ಸು ಹಿಡಿದು ಕೃಷ್ಣೆಯ ದಂಡೆಯ ತಂಗಡಗಿಗೆ ಹೋಗಿ, ಅಲ್ಲಿನ ಗುರವ್ವನ ಭಜನಾ ಮೇಳದ ಹಾಡನ್ನು ಟೇಪಿನಲ್ಲಿ ತುಂಬಿಸಿಕೊಂಡು ಬಂದಿದ್ದರು. ಗುರವ್ವನ ಕಂಠ, ಹಾರ್ಮೋನಿಯಂ, ತಾಳ, ದಮ್ಮಡಿ, ಇವೆಲ್ಲದರ ಹಿಂದೆ ಪರಪ್ಪಜ್ಜನ ಏಕತಾರಿ. ಆ ಕ್ಯಾಸೆಟ್ಟು ಸುತ್ತಲಿನ ತಾಲೂಕುಗಳ ಹೋಟೆಲು, ಟ್ರ್ಯಾಕ್ಟರು, ಹಿಟ್ಟಿನ ಗಿರಣಿಗಳಲ್ಲೆಲ್ಲ ಮೊಳಗಿತು. ಹತ್ತು-ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಗಿರಾಕಿಗಳು ಸೀಡಿ ಕೇಳತೊಡಗಿದರು. ಮಾರಿದ ಕ್ಯಾಸೆಟ್ಟುಗಳೆಲ್ಲ ಅಷ್ಟರಲ್ಲಿ ಸವೆದು ಹರಿದುಹೋಗಿದ್ದವು; ಮೊದಲ ಪ್ರತಿಯೊಂದು ಮಾತ್ರ ಬಂದಗಿಸಾಬರ ಪೆಟ್ಟಿಗೆಯಲ್ಲಿ ಬೂಸ್ಟು ಹಿಡಿದುಕೊಂಡು ಉಳಿದಿತ್ತು. ಅದನ್ನು ತಂದು ವಿದ್ಯಾವತಿಯವರ ಮೇಜಿನ ಮೇಲಿಟ್ಟರು.

"ಅಕ್ಕೋರ, ಇದನ್ನ ಕಂಪ್ಯೂಟರದಾಗ ಹಾಕಿ ಚೊಕ್ಕ ಮಾಡಿ ಕೊಡ್ರಿ. ಉಸ್ ಅಂತ ಒಂದs ಸಮ ಸಪ್ಪಳ ಐತಿ, ಅದು ಹೋಗಬೇಕು ನೋಡ್ರಿ."

ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಸುಗಮವಾಗಿಯೇ ನಡೆಯಿತು. ಇಳಿಸಿದ ಮೇಲೆ ಮತ್ತೊಮ್ಮೆ ಕೇಳೋಣವೆಂದು ಹಾಕಿದಾಗ ಡೆಕ್ಕಿನ ಉರುಳೆ ಆ ಜೀರ್ಣ ಟೇಪನ್ನು ಸುತ್ತಿಕೊಂಡು ತುಂಡು ತುಂಡು ಮಾಡಿತು. ಕಂಪ್ಯೂಟರಿನಲ್ಲಿ ಹೇಗೂ ಇದೆಯಲ್ಲ ಎಂದು ಇಬ್ಬರೂ ಸಮಾಧಾನ ತಂದುಕೊಂಡರು. ಧ್ವನಿಯನ್ನು ತಿದ್ದುವ ತಂತ್ರಾಂಶವೊಂದು ಕಂಪ್ಯೂಟರ್ ಮಾಸಪತ್ರಿಕೆಯೊಂದರ ಜೊತೆಗೆ ಉಚಿತವಾಗಿ ಬಂದ ಸೀಡಿಯಲ್ಲಿತ್ತು. ಅದರ ನಿಯಮ ಸರಳ: ಹಾಡಿಲ್ಲದ, ಬರೀ ಗದ್ದಲವಿರುವ ಒಂದಿಷ್ಟು ಜಾಗವನ್ನು ಮೊದಲು ಮಾದರಿಯಾಗಿ ತೋರಿಸಬೇಕು, ಅಂಥದ್ದೆಲ್ಲವನ್ನೂ ಅದು ಇಡೀ ಧ್ವನಿಮುದ್ರಣದಿಂದ ತೆಗೆಯುತ್ತದೆ. ವಿದ್ಯಾವತಿಯವರು ಆ ಸೂಚನೆಯನ್ನು ಗಟ್ಟಿಯಾಗಿ ಓದಿ, "ಅಂದ್ರ ಏನಾತು?" ಎಂದು ಕೇಳಿಕೊಂಡು, "ಹಾಡು ಶುರು ಆಗೂಕಿಂತ ಮೊದಲಿನ ಜಾಗಾ" ಎಂದು ತಾವೇ ಉತ್ತರವಿತ್ತರು, ಗುರವ್ವ ಬಾಯಿ ತೆರೆಯುವ ಮುಂಚಿನ ಅಷ್ಟು ಹೊತ್ತನ್ನು ಮಾದರಿಯೆಂದು ತೋರಿಸಿದರು. ಉಸ್ ಎಂಬ ಸದ್ದು ಮಾಯವಾಯಿತು. ಗುರವ್ವನ ದನಿ ತೊಳೆದಿಟ್ಟ ಹಿತ್ತಾಳೆಯ ಚರಿಗೆಯ ಹಾಗೆ ಹೊಳೆಯಿತು. ಆ ಸಂತೋಷದಲ್ಲಿ, ಡಿಸ್ಕಿನಲ್ಲಿ ಜಾಗ ಸಾಲದೆಂದು, ತಿದ್ದದ ಮೂಲ ಪ್ರತಿಯನ್ನು ಅಳಿಸಿಬಿಟ್ಟರು.

ಚೊಕ್ಕ ಮಾಡಿದ ಹಾಡಿನ ಸೀಡಿ ಹಿಡಿದು ಇಬ್ಬರೂ ತಂಗಡಗಿಗೆ ಹೋದಾಗ ಗುರವ್ವನ ಮನೆಯ ಪಡಸಾಲೆಯಲ್ಲಿ ಮೇಳದವರೆಲ್ಲ ಕೂಡಿದರು. ಪರಪ್ಪಜ್ಜನನ್ನು ಮೊಮ್ಮಗಳು ಕೈಹಿಡಿದು ಕರೆತಂದು ಗೋಡೆಗೆ ಆನಿಸಿ ಕೂಡಿಸಿದಳು; ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಅಜ್ಜನ ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು, ಏಕತಾರಿ ಗೂಟಕ್ಕೆ ತೂಗಿತ್ತು. ಸೀಡಿ ಶುರುವಾಯಿತು. ಗುರವ್ವ ತನ್ನ ದನಿಗೆ ತಾನೇ ಬೆರಗಾಗಿ ಸೆರಗನ್ನು ಬಾಯಿಗೆ ಹಿಡಿದಳು. ಮುಗಿದ ಮೇಲೆ ಅಜ್ಜ, ಲಕ್ವಾದಿಂದ ತುಸು ತೊದಲುತ್ತಿದ್ದ ನಾಲಿಗೆಯಲ್ಲಿ, ಯಾರನ್ನೂ ದೂರದೆ ಹೇಳಿದ:

"ಎಲ್ಲಾರೂ ಅದಾರವ್ವ. ನಾ ಒಬ್ಬ ಇಲ್ಲ."

ಆಗ ವಿದ್ಯಾವತಿಯವರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಆ ಮೇಳದಲ್ಲಿ ಏಕತಾರಿ ನುಡಿಯದ ಗಳಿಗೆಯೆಂಬುದೇ ಇಲ್ಲ. ಮೈಕು ಹಚ್ಚುವ ಮೊದಲೇ ಅಜ್ಜ ತಂತಿ ಮೀಟತೊಡಗಬೇಕು, ಎಲ್ಲರೂ ಎದ್ದ ಮೇಲೆಯೇ ನಿಲ್ಲಿಸಬೇಕು. ಶ್ರುತಿ ಹಿಡಿಯುವವರೆಗೆ ಯಾರೂ ಬಾಯಿ ತೆರೆಯಬಾರದೆಂಬುದು ಮೇಳದ ಕಟ್ಟಳೆ. ಹಾಡಿಗೆ ಮುಂಚೆ ಅಜ್ಜನೊಬ್ಬನೇ ನುಡಿಸಿದ ಆ ಭಾಗವನ್ನೇ ಅವರು ಯಂತ್ರಕ್ಕೆ ತೋರಿಸಿ, ಇದು ಕಸ, ತೆಗೆ ಎಂದಿದ್ದರು. ಯಂತ್ರ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ದನಿ ದನಿಯ ನಡುವಿನ ಸಂದಿನಲ್ಲೆಲ್ಲ ಹುಡುಕಿ ಹುಡುಕಿ ಅಜ್ಜನನ್ನು ತೆಗೆದುಹಾಕಿತ್ತು. ಇನ್ನೊಮ್ಮೆ ನುಡಿಸೋಣವೆಂದರೆ ಆ ಕೈ ಇಲ್ಲ, ಟೇಪು ಇಲ್ಲ, ಮೂಲ ಪ್ರತಿಯೂ ಇಲ್ಲ.

ಮರಳುವ ಬಸ್ಸಿನಲ್ಲಿ ಬಂದಗಿಸಾಬರು ಸಂತೈಸಿದರು. "ತಲಿಗಿ ಹಚ್ಚಿಕೋಬ್ಯಾಡ್ರಿ ಅಕ್ಕೋರ. ಬ್ಯಾರೆಯವರನ್ನ ಕರಸಿ ಏಕತಾರಿ ನುಡಿಸಿ ಕೂಡಿಸಿದ್ರಾತು. ಯಾರಿಗೂ ಗೊತ್ತಾಗಂಗಿಲ್ಲ."

"ಆ ಅಜ್ಜಗ ಗೊತ್ತಾಗ್ತೈತಲ್ಲ, ಬಂದಗಿ ಅಣ್ಣಾರ."

ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ಅವರು ಒಮ್ಮೆಲೆ ಇತ್ತ ತಿರುಗಿ, "ಅದು ತಗದದ್ದು ಹ್ಯಾಂಗ? ಬರೇ ಸಪ್ಪಳ ಕೇಳಿ ಇದು ಕಸಾ, ಇದು ಹಾಡು ಅಂತ ಅದಕ್ಕ ತಿಳದದ್ದು ಹ್ಯಾಂಗ?" ಎಂದರು. ಕಣ್ಣು ಇನ್ನೂ ಒದ್ದೆಯಿತ್ತು, ಆದರೆ ತಲೆ ಆಗಲೇ ಎಡಕ್ಕೆ ವಾಲಿತ್ತು.

ಆ ತಂತ್ರಾಂಶ ಮುಕ್ತ ಬಗೆಯದು. ಅದನ್ನು ಬರೆದವರು ಬರೆದಷ್ಟನ್ನೂ, ಅಂದರೆ ಯಂತ್ರಕ್ಕೆ ತಾವು ಕೊಟ್ಟ ಆಜ್ಞೆಗಳ ಮೂಲಪಾಠವನ್ನೆಲ್ಲ, ಬೇಕಾದವರು ಓದಲೆಂದು ಅದೇ ಸೀಡಿಯಲ್ಲಿ ಇಟ್ಟಿದ್ದರು. ವಿದ್ಯಾವತಿಯವರು ಮೊದಲು ಓದಿದ್ದು ಪರವಾನಗಿ ಪತ್ರವನ್ನು. ಎಲ್ಲರೂ ನೋಡದೆ ದಾಟಿಸುವ ಆ ಉದ್ದನೆಯ ಇಂಗ್ಲಿಷ್ ಬರಹವನ್ನು ಆದ್ಯಂತ ಗಟ್ಟಿಯಾಗಿ ಓದಿ, "ಓದ್ರಿ, ತಿದ್ರಿ, ಇನ್ನೊಬ್ಬರಿಗೂ ಕೊಡ್ರಿ ಅಂದಾರ. ಹಿಂಗ ಮನಿ ಬಾಗಲಾ ತಗದಿಟ್ಟು ಹೋದವರು ಯಾರಿರಬೇಕು?" ಎಂದು ಬೆರಗಾದರು. ಪ್ರೋಗ್ರಾಮಿಂಗ್ ಅವರಿಗೆ ಬರುತ್ತಿರಲಿಲ್ಲ. ಬಿಜಾಪುರದಿಂದ ಒಂದು ಹಳೆಯ ಪಠ್ಯಪುಸ್ತಕ ತರಿಸಿಕೊಂಡು, ಗದ್ದಲ ತೆಗೆಯುವ ಭಾಗದ ಆಜ್ಞೆಗಳನ್ನು ಉದ್ದನೆಯ ಪ್ರಿಂಟರ್ ಕಾಗದದ ಮೇಲೆ ಅಚ್ಚು ಹಾಕಿ, ಬೆಳಗಿನ ಬ್ಯಾಚು ಬರುವ ಮುನ್ನ ದಿನವೂ ಓದತೊಡಗಿದರು. ಆಗ ಶ್ರಾವಣ. ಬಂದಗಿಸಾಬರು ಅಂಗಡಿ ತೆರೆಯುವ ಮೊದಲು ಮೇಲೆ ಬಂದು ಎದುರಿಗೆ ಕೂಡಬೇಕೆಂದು ಅಪ್ಪಣೆಯಾಯಿತು, ಕೇಳುವವರಿಲ್ಲದೆ ಪುರಾಣ ಸಾಗದಲ್ಲ.

ಬೀಜದಂಗಡಿಗೆ ಬಂದ ರೈತರು ಕೆಳಗೆ ನಿಂತು ಕಿವಿಗೊಡುತ್ತಿದ್ದರು. ಮೇಲಿನಿಂದ "ಇಫ್... ಬ್ರ್ಯಾಕೆಟ್... ಗ್ರೇಟರ್ ದ್ಯಾನ್" ಎಂಬ ಪಾರಾಯಣ, ಮಧ್ಯೆ ಮಧ್ಯೆ "ಅಂದ್ರ ಏನಾತು?" ಎಂಬ ಪಲ್ಲವಿ. "ಅಕ್ಕೋರು ಇಂಗ್ಲಿಷ್ ಪುರಾಣ ಹಚ್ಯಾರ, ಪುರಾಣ ಮಂಗಲ ಆಗೂ ದಿನಾ ಪ್ರಸಾದ ಏನು ಮಾಡಸ್ತಾರೋ" ಎಂದು ನಗೆಯಾಡಿದರು. ಟೈಪಿಸ್ಟರ ಕಣ್ಣು ಅಕ್ಷರದ ತಪ್ಪನ್ನು ಮಾಡದು, ಆದರೆ ಅಕ್ಷರ ಸರಿಯಾಗಿ ಓದಿದರೆ ಅರ್ಥ ತಾನಾಗಿ ಬಾರದು. ಎಷ್ಟೋ ಬೆಳಗುಗಳು ಒಂದೇ ಸಾಲಿನ ಮೇಲೆ ಬೆರಳಿಟ್ಟಲ್ಲೇ ಮುಗಿದವು. ನಡುನಡುವೆ ಬರೆದವರು ತಮಗಾಗಿಯೋ ಮುಂದಿನವರಿಗಾಗಿಯೋ ಬಿಟ್ಟ ಟಿಪ್ಪಣಿಗಳಿದ್ದವು. ಅದರಲ್ಲೊಂದು, ಇಲ್ಲಿ ನಾನು ಮಾಡಿದ್ದು ಅಷ್ಟು ಚೆನ್ನಾಗಿಲ್ಲ, ಗೊತ್ತಿದ್ದವರು ತಿದ್ದಿ, ಎಂದಿತ್ತು. ಅದನ್ನು ಓದಿದ ದಿನ ವಿದ್ಯಾವತಿಯವರಿಗೆ ಆದ ಹಿಗ್ಗು ಹೇಳತೀರದು. ಇಷ್ಟೆಲ್ಲ ಬಲ್ಲವನೂ ಎಡವುತ್ತಾನೆಂಬ ಧೈರ್ಯದಲ್ಲಿ ಅಂದು ಎರಡು ಪುಟ ಮುಂದೆ ಸಾಗಿದರು.

ಒಂದು ಕಡೆ ಮಾತ್ರ ದಾರಿ ಪೂರಾ ಮುಚ್ಚಿತು. ಧ್ವನಿಯನ್ನು ಎಳೆ ಎಳೆಯಾಗಿ ಬಿಚ್ಚುವ ಗಣಿತ ಅದು; ಪಠ್ಯಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಸಿದ್ದಾರೂಢ ಎಂಬವರನ್ನು ಹುಡುಕಿಕೊಂಡು ಹೋದರು. ನೀಲಿ ಕೋಟಿನ ಹೆಂಗಸೊಬ್ಬಳು ಕಾಗದದ ಸುರುಳಿಯನ್ನು ಮೇಜಿನ ಮೇಲೆ ಹಾಸಿದ್ದನ್ನು ಕಂಡು ಅವರು ಮೊದಲು ಗಾಬರಿಯಾದರೂ, ಆಮೇಲೆ ಮನಸಾರೆ ಕುಳಿತು ಬಿಡಿಸಿ ಹೇಳಿದರು. "ಜ್ವಾಳ, ತೊಗರಿ, ಎಳ್ಳು ಎಲ್ಲಾ ಕಲೆತ ಕಾಳು ಜರಡಿ ಹಿಡದ್ರ ಬ್ಯಾರೆ ಬ್ಯಾರೆ ಆಗ್ತಾವಲ್ರಿ? ಹಂಗs ಒಂದು ಕ್ಷಣದ ಸಪ್ಪಳಾನ ಇದು ದಪ್ಪ ಸ್ವರ, ಸಣ್ಣ ಸ್ವರ ಅಂತ ಬ್ಯಾರೆ ಮಾಡ್ತೈತಿ. ಒಂದೊಂದು ಸ್ವರಾನೂ ನಿಮ್ಮ ಮಾದರಿ ಜೋಡಿ ತೂಗಿ ನೋಡ್ತೈತಿ. ಅದಕ್ಕಿಂತ ಕಡಿಮಿ ಇದ್ರ ಕಸಾ, ಹೆಚ್ಚಿದ್ರ ಹಾಡು." ವಿದ್ಯಾವತಿಯವರು ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ನಡುವೆ ಗಕ್ಕನೆ ನಿಂತರು. ಅಜ್ಜನ ಏಕತಾರಿ ಯಾವತ್ತೂ ಗುರವ್ವನ ದನಿಗಿಂತ ಮೆಲ್ಲಗೆ ನುಡಿಯುತ್ತಿತ್ತು. ತಪ್ಪು ಅದರ ಸೌಜನ್ಯದ್ದೇ ಆಗಿತ್ತು.

ಯಂತ್ರ ತೆಗೆದದ್ದು ಹೇಗೆಂದು ಈಗ ಗೊತ್ತಾಯಿತು, ಆದರೆ ತೆಗೆದದ್ದನ್ನು ತರುವುದು ಹೇಗೆ? ಶ್ರಾವಣ ಕಳೆದು ದೀಪಾವಳಿ ಹತ್ತಿರವಾಯಿತು. ಬಂದಗಿಸಾಬರು ಅರ್ಧ ತೂಕಡಿಸುತ್ತ ಕೇಳುವವರು, ಒಂದು ಬೆಳಗ್ಗೆ ಆಕಳಿಸಿ ಬೇಸರದಿಂದ, "ಅಲ್ರಿ ಅಕ್ಕೋರ, ಕಸಾ ಹೊಡದ ಮ್ಯಾಲ ಎಲ್ಲೆರೆ ಒಗೀಬೇಕಲ್ಲ? ಇದು ಎಲ್ಲಿ ಒಗೀತೈತಿ?" ಎಂದರು.

ವಿದ್ಯಾವತಿಯವರು ಬೆರಳನ್ನು ಕಾಗದದ ಮೇಲೆ ಹಿಂದಕ್ಕೆ ಸರಿಸಿಕೊಂಡು ಹೋಗಿ, ಆ ಭಾಗವನ್ನು ಮತ್ತೆ ಓದಿದರು, ಮತ್ತೊಮ್ಮೆ ಓದಿದರು. ಒಗೆಯುವ ಮಾತು ಎಲ್ಲೂ ಇರಲಿಲ್ಲ. ಕಸವೆಂದು ಕಂಡ ಸ್ವರವನ್ನು ಆ ಆಜ್ಞೆ ಒಂದು ಸಣ್ಣ ಸಂಖ್ಯೆಯಿಂದ ಗುಣಿಸುತ್ತಿತ್ತು, ಅಷ್ಟೆ, ಸೊನ್ನೆಯಿಂದಲ್ಲ. "ಒಗದಿಲ್ಲ ಅಣ್ಣಾರ," ಎಂದರು. "ಒಗದಿಲ್ಲ. ತಗ್ಗಿಸೈತಿ, ತಗ್ಗಿಸಿ ಅಲ್ಲೇ ಬಿಟ್ಟೈತಿ." ಸೀಡಿ ಹಾಕಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಧ್ವನಿಯನ್ನು ಪೂರ್ತಿ ಏರಿಸಿ, ಗುರವ್ವನ ಹಾಡಿಗೆ ಮೊದಲಿನ ಆ ಬರಿದಾದ ಜಾಗವನ್ನು ಕೇಳಿದರು. ಉಸಿರು ಬಿಗಿಹಿಡಿದರೆ ಮಾತ್ರ ಕೇಳುವಷ್ಟು ಮೆಲ್ಲಗೆ, ದೂರದ ಹೊಲದಲ್ಲಿ ಯಾರೋ ನುಡಿಸುತ್ತಿರುವ ಹಾಗೆ, ಒಂದು ತಂತಿ ಮೀಟುತ್ತಿತ್ತು. ಬಂದಗಿಸಾಬರ ಕಿವಿಗೂ ಅದನ್ನು ಹಚ್ಚಿದರು. ಆ ಮನುಷ್ಯ ಇಯರ್‌ಫೋನು ತೆಗೆದು ಮೇಜಿನ ಮೇಲಿಟ್ಟು, "ಯಾ ಅಲ್ಲಾ, ಅಜ್ಜ ಇಲ್ಲೇ ಕುಂತಾನ್ರಿ" ಎಂದು ಕಣ್ಣೊರೆಸಿಕೊಂಡರು.

ಮುಂದಿನ ಕೆಲಸ ಓದುವುದರದಲ್ಲ, ಬರೆಯುವುದರದು. ಮೊದಲಿನ ಭಾಗವನ್ನು ತಗ್ಗಿದಷ್ಟೇ ಪ್ರಮಾಣದಲ್ಲಿ ಎತ್ತಿದರೆ ಅಂದು ತೋರಿಸಿದ ಮಾದರಿ ಮರಳಿ ಸಿಗುತ್ತದೆ; ಆ ಮಾದರಿಯನ್ನು ಹಿಡಿದು ಹಾಡಿನುದ್ದಕ್ಕೂ ಯಾವ ಯಾವ ಸ್ವರ ತಗ್ಗಿದೆಯೆಂದು ಗುರುತಿಸಿ, ಅವನ್ನಷ್ಟೇ ಎತ್ತಬೇಕು. ಯಾರೋ ಕಾಣದ ಊರಿನವರು ಬರೆದ ಸಾಲುಗಳ ಕೆಳಗೆ ವಿದ್ಯಾವತಿಯವರು ತಮ್ಮ ಮೊದಲ ಸಾಲುಗಳನ್ನು ಸಂಕೋಚದಿಂದಲೇ ಸೇರಿಸಿದರು. ಮೊದಲ ಪ್ರಯತ್ನದಲ್ಲಿ ಎಲ್ಲವೂ ಒಟ್ಟಿಗೆ ಎದ್ದು, ಕಾಳು ಒಕ್ಕಿ ರಾಶಿ ಮಾಡುವ ಮಶಿನ್ನನ್ನು ಮಾಳಿಗೆಗೆ ತಂದು ನಿಲ್ಲಿಸಿದಂತಹ ಅಬ್ಬರವಾಯಿತು. ಬೀಜದಂಗಡಿಯವರು ಓಡಿ ಮೇಲೆ ಬಂದರು. ಇನ್ನೊಮ್ಮೆ ಏಕತಾರಿ ಬಂತು, ಗುರವ್ವ ಮೂಗಿನಿಂದ ಹಾಡಿದಳು. ಪ್ರತಿ ಸಲವೂ ಅವರು ತಾವೇ ಬರೆದದ್ದನ್ನು ಪರರು ಬರೆದದ್ದೆಂಬಂತೆ ಗಟ್ಟಿಯಾಗಿ ಓದಿ ಅರ್ಥ ಕೇಳಿದರು, ತಪ್ಪು ಸಿಕ್ಕಾಗ ಸಿಟ್ಟಾಗದೆ ಸಣ್ಣ ಹುಡುಗಿಯಂತೆ ನಕ್ಕರು. ಸಂಕ್ರಾಂತಿಯ ಹೊತ್ತಿಗೆ ಅಜ್ಜನ ತಂತಿ ದನಿಗಳ ಹಿಂದೆ ತನ್ನ ಜಾಗದಲ್ಲಿ ಬಂದು ಕುಳಿತಿತು. ಅದರ ಜೊತೆಗೆ ಉಸ್ ಎಂಬ ಸದ್ದೂ ಬಂತು. ಎರಡನ್ನೂ ಒಂದೇ ಕಸವೆಂದು ತಗ್ಗಿಸಿದ್ದರಿಂದ, ಎತ್ತುವಾಗಲೂ ಒಂದನ್ನು ಬಿಟ್ಟು ಒಂದನ್ನು ಎತ್ತುವಂತಿರಲಿಲ್ಲ.

ತಂಗಡಗಿಯ ಅದೇ ಪಡಸಾಲೆ. "ಅಯ್ಯ, ಮತ್ತ ಉಸ್ ಅನ್ನಾಕತೈತಲ್ಲ ತಂಗಿ!" ಎಂದು ಗುರವ್ವ ಹುಬ್ಬು ಗಂಟಿಕ್ಕಿದಳು. ವಿದ್ಯಾವತಿಯವರ ಕಣ್ಣು ಪರಪ್ಪಜ್ಜನ ಮುಖ ಬಿಟ್ಟು ಕದಲಲಿಲ್ಲ. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನ ಹಣೆಯ ಮೇಲೆ ಗೆರೆಗಳು ಮೂಡಿದವು, ತುಟಿ ಕೊಂಕಾಯಿತು. ಏನೋ ಹಿಡಿಸದವನಂತೆ ತಲೆಯಾಡಿಸಿದ. ಇಷ್ಟು ತಿಂಗಳು ಮಾಡಿದ್ದೆಲ್ಲ ಹೊಳೆಗೆ ಹೋಯಿತೆಂದುಕೊಂಡರು ವಿದ್ಯಾವತಿಯವರು.

"ತಂತಿ ಶ್ರುತಿಗಿಂತ ಒಂಚೂರು ಇಳದಿತ್ತು," ಎಂದ ಅಜ್ಜ. "ಆವತ್ತ ನಾ ನೋಡಿಕೊಂಡಿಲ್ಲ. ಛೇ."

ಅಷ್ಟು ಮಂದಿ ಹತ್ತು ವರ್ಷ ಕೇಳಿದ ಹಾಡಿನಲ್ಲಿ ಯಾರ ಕಿವಿಗೂ ಬೀಳದ ತಪ್ಪು ಅದು. ನುಡಿಸಿದವನಿಗಲ್ಲದೆ ಬೇರೆಯವರಿಗೆ ಸಿಗುವಂಥದ್ದೂ ಅಲ್ಲ. ತಾನು ಇಲ್ಲವೆಂದು ಹೇಳಿದ್ದ ಅಜ್ಜ ಈಗ ತನ್ನ ಮೇಲೆ ತಾನೇ ಸಿಟ್ಟಾಗುವಷ್ಟು ಅಲ್ಲಿದ್ದ. ವಿದ್ಯಾವತಿಯವರು ಅವನ ಹತ್ತಿರ ಸರಿದು ಕುಳಿತು, ಸ್ವರವನ್ನು ಕೂದಲೆಳೆಯಷ್ಟು ಏರಿಸುವುದು ಈಗ ತಮಗೆ ಕಷ್ಟವಲ್ಲವೆಂಬುದನ್ನು ನೆನೆದು, "ಸರಿ ಮಾಡ್ಲೇನ್ರಿ ಅಜ್ಜಾರ? ನನಗ ಬರ್ತೈತ್ರಿ ಈಗ" ಎಂದರು.

ಅಜ್ಜ ಎಡಗೈಯಿಂದ ಅವರ ಕೋಟಿನ ತೋಳನ್ನು ಹಿಡಿದ. "ಬ್ಯಾಡವ್ವ. ಆವತ್ತ ಇಳದಿತ್ತು, ಇಳದs ಇರ್ಲಿ. ಇನ್ನೊಮ್ಮಿ ಹಾಕು, ಕೇಳೂನು."

ತಪ್ಪಾದಾಗ ಕೈಮುಗಿಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ, ಯಂತ್ರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವವರು ಇನ್ನೂ ಹೆಚ್ಚು. ಆದರೆ ತಾವು ಕೆಡಿಸಿದ್ದು ಹೇಗೆ ಕೆಟ್ಟಿತೆಂದು ತಿಳಿಯದ ಹೊರತು ಕ್ಷಮೆ ಕೇಳಲೂ ನಾಚುವ ಜನ ಅಪರೂಪಕ್ಕೆ ಹುಟ್ಟುತ್ತಾರೆ. ಅವರ ಪಶ್ಚಾತ್ತಾಪಕ್ಕೂ ಕುತೂಹಲದ್ದೇ ಸ್ವಭಾವ. ಲೋಕದ ಯಾವುದೋ ಮೂಲೆಯಲ್ಲಿ ಕುಳಿತವರು ತಮ್ಮ ವಿದ್ಯೆಯನ್ನೆಲ್ಲ ಬಿಚ್ಚಿಟ್ಟು, ಓದಿರಿ, ತಿದ್ದಿರಿ ಎಂದು ಹೋಗುವುದು ಇಂಥವರೊಬ್ಬರು ಎಲ್ಲೋ ಇದ್ದಾರೆಂಬ ನಂಬಿಕೆಯಿಂದಲೇ ಇರಬೇಕು. ಹಾಗೆ ಓದುತ್ತ ಓದುತ್ತ ಇಂಥವರಿಗೆ ಬೇಕಾದ್ದನ್ನೆಲ್ಲ ತಿದ್ದುವ ಶಕ್ತಿ ಒಂದು ದಿನ ಕೈಗೆ ಬರುತ್ತದೆ. ಅಂದು ಮುದುಕನೊಬ್ಬ ಬೇಡವೆಂದರೆ, ಅವರು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಮ್ಮೆ ಕೇಳುತ್ತ ಕೂಡುತ್ತಾರೆ.